ಹಿಟ್ಟಿನೊಳಗಿನ ಕೈ

ದಹಿಸರಿನಲ್ಲಿ ಲೋಕಲ್ ಬರುವ ಮೊದಲೇ ಅಪ್ಪ ತನ್ನ ಬಲಗೈಗೆ ಹೆಗಲ ಮೇಲಿನ ಬೈರಾಸು ಸುತ್ತಿಕೊಂಡು ನಿಂತಿದ್ದ. ಒಂದು ವಾರದಿಂದ ನಿಖಿತಾ ಆ ಕೈಯನ್ನು ಕಾಯುತ್ತ ಬಂದಿದ್ದಳು: ತೆಂಗಿನಕಾಯಿ ಒಡೆಯಬೇಡ, ಗ್ಯಾಸಿನ ಹತ್ತಿರ ಹೋಗಬೇಡ, ಉಗುರು ನಾನೇ ತೆಗೆಯುತ್ತೇನೆ. ಇಷ್ಟೆಲ್ಲ ಆದ ಮೇಲೆ ಹತ್ತುವಾಗ ಯಾರೋ ತಳ್ಳಿ ಬೆರಳು ತರಚಿದರೆ ಏನು ಗತಿ ಎಂದು ಅವನೇ ಈ ಉಪಾಯ ಹೂಡಿದ್ದ. ಅರವತ್ತೆಂಟು ವರ್ಷದ ಮನುಷ್ಯ, ದಿಬ್ಬಣಕ್ಕೆ ಹೊರಟವನ ಹಾಗೆ ಬಿಳಿ ಅಂಗಿ ತೊಟ್ಟು, ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, “ಎಂತ ನೋಡ್ತೀ? ಇದು ಈಗ ನನ್ನ ಕೈ ಅಲ್ಲ, ಕಂಪನಿ ಕೈ” ಎಂದು ನಕ್ಕ. ಅವಳಿಗೂ ನಗು ಬಂತು. ಬೆಳಿಗ್ಗೆಯಿಂದ ಅವಳ ಎದೆಯಲ್ಲಿ ಯಾರೋ ಚೆಂಡೆ ಬಾರಿಸುತ್ತಿದ್ದರು. ಜಾಹೀರಾತು ಏಜೆನ್ಸಿಯಲ್ಲಿ ಆರು ವರ್ಷ ಬೇರೆಯವರ ವಾಕ್ಯಗಳಿಗೆ ಅಲ್ಪವಿರಾಮ ಹಾಕಿದ ಮೇಲೆ ಇದೇ ಮೊದಲ ಸಲ ಒಂದು ಇಡೀ ಕ್ಯಾಂಪೇನು ಅವಳದು. ಇನ್ನು ಹದಿನೈದೇ ದಿನ, ಚರ್ಚ್‌ಗೇಟಿನಿಂದ ದಹಿಸರಿನವರೆಗೆ ಹೋರ್ಡಿಂಗುಗಳಲ್ಲಿ, ಸ್ಟೇಷನ್ನಿನ ಗೋಡೆಗಳಲ್ಲಿ, ಬಸ್ಸುಗಳ ಬೆನ್ನಿನ ಮೇಲೆ ಈ ಕೈ ಇರುತ್ತದೆ. ಮನೆಯ ಬಾಗಿಲಲ್ಲಿ ಅಮ್ಮ ಚಪ್ಪಲಿಯ ಧೂಳು ಕೊಡವುತ್ತ ಕೇಳಿದ್ದಳು: “ಇವತ್ತು ಹೋಗುವವ ಯಾರು? ಅಂಗಾರನಾ, ಅನಂತನಾ?” ಅಪ್ಪ, “ಇಬ್ಬರಿಗೂ ಒಂದೇ ಟಿಕೇಟು ಮಾರಾಯ್ತಿ” ಎಂದಿದ್ದ. ಅಮ್ಮ ನಕ್ಕಿರಲಿಲ್ಲ.

ಜನರಲ್ ಡಬ್ಬಿಯಲ್ಲಿ ಅಪ್ಪನನ್ನು ಮೂಲೆಗೆ ನಿಲ್ಲಿಸಿ, ತಾನು ಅಡ್ಡ ನಿಂತು, ಹೆಗಲಿನಿಂದ ಇಡೀ ಮುಂಬಯಿಯನ್ನು ಆ ಕೈಯಿಂದ ದೂರ ತಳ್ಳುತ್ತ ಅವಳು ಮತ್ತೆ ಮತ್ತೆ ಆ ಸಾಲನ್ನು ತುಟಿಯಲ್ಲಿ ಆಡಿಸಿಕೊಂಡಳು. ಈ ಕೈ ಮುಟ್ಟಬೇಕು. ಮೂರೇ ಶಬ್ದ. ಗ್ರಾಂಟ್ ರೋಡಿನ ಪದ್ಮತೀರ್ಥ ಲಂಚ್ ಹೋಮ್ ಎಂದರೆ ಈಗಿನವರಿಗೆ ಏನು? ಒದ್ದೆ ಟೇಬಲ್ಲು, ಬೈಯುವ ಮಾಣಿ, ಅಂಕಲ್‌ಗಳ ಹೋಟೆಲು. ಹಳೆಯ ಯಜಮಾನರ ಮೊಮ್ಮಗಳು ಪ್ರಣೀತಾ ಇಡ್ಲಿ ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ತುಂಬಿ ಊರಿಗೆಲ್ಲ ಮಾರಲು ಹೊರಟಿದ್ದಳು. ಆದರೆ ಪ್ಯಾಕೆಟ್ ಹಿಟ್ಟು ಅಂಗಡಿಯಲ್ಲಿ ಆಗಲೇ ಹನ್ನೊಂದು ಬಗೆ. ಇಡ್ಲಿಯನ್ನು ಬದಲಿಸಲಾಗುವುದಿಲ್ಲ, ಇಡ್ಲಿ ನೋಡುವ ಕಣ್ಣನ್ನು ಬದಲಿಸಬಹುದು ಎನ್ನುವುದೇ ನಿಖಿತಾಳ ಕಸುಬು. ಮೂರು ತಿಂಗಳು ಅವಳು ಆ ಕಣ್ಣಿನ ಹಿಂದೆ ಅಲೆದಿದ್ದಳು. ಒಂದು ಸಂಜೆ ಮನೆಯಲ್ಲಿ ಅಪ್ಪ ಅಕ್ಕಿ ಹಿಟ್ಟಿಗೆ ಉದ್ದಿನ ಹಿಟ್ಟು ಸುರಿದು, ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದ. ಸೌಟಿನಲ್ಲಿ ಕಲಸಿದರೆ ಆಗದಾ ಎಂದು ಕೇಳಿದ್ದಕ್ಕೆ, “ಕೈಯ ಬಿಸಿ ತಾಗದೆ ಹಿಟ್ಟು ಉಬ್ಬುವುದಿಲ್ಲ ಮಗಾ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹುಳಿ” ಎಂದಿದ್ದ. ಅವಳಿಗೆ ರೋಮಾಂಚನವಾಗಿತ್ತು. ಅಲ್ಲಿಯೇ, ಒಲೆಯ ಪಕ್ಕದಲ್ಲಿ, ಫೋನಿನಲ್ಲಿ ಆ ಕೈಯ ಚಿತ್ರ ತೆಗೆದಿದ್ದಳು: ಗಂಟು ಕಟ್ಟಿದ ಬೆರಳು, ಗೆರೆಗಳೊಳಗೆ ಬಿಳಿ ಹಿಟ್ಟು, ಮಣಿಕಟ್ಟಿನಲ್ಲಿ ಇಳಿಯುವ ಒಂದು ಹನಿ. ಇದೇ. ಇದೇ.

ಆಮೇಲಿನದ್ದನ್ನು ನೆನೆಯಬಾರದು ಎಂದುಕೊಂಡಷ್ಟೂ ಅದು ಬೊರಿವಲಿಯಲ್ಲೂ ಹತ್ತಿತು, ಕಾಂದಿವಲಿಯಲ್ಲೂ ಹತ್ತಿತು. ಪ್ರಣೀತಾಳ ಕ್ಯಾಬಿನ್ನಿನಲ್ಲಿ ಆ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಮೂಡಿದಾಗ ಎಲ್ಲರೂ ಫೋನು ಬಿಟ್ಟು ತಲೆಯೆತ್ತಿದ್ದರು. ಪ್ರಣೀತಾ ಎದ್ದು ನಿಂತು, “ಗಾಡ್, ನಿಖಿತಾ! ಯಾರ ಕೈ ಇದು?” ಎಂದಳು. “ನಿಮ್ಮಲ್ಲೇ ಮೂವತ್ತೊಂದು ವರ್ಷ ಹಿಟ್ಟು ಕಡೆದವರದು. ಅನಂತ ಅಂತ.” ನನ್ನ ಅಪ್ಪ ಎನ್ನಲಿಲ್ಲ. ನಾಲಗೆಯ ತುದಿಯವರೆಗೆ ಬಂದದ್ದು ಅಲ್ಲಿಯೇ ಕೂತುಬಿಟ್ಟಿತು. ಪ್ರಣೀತಾ ಕಣ್ಣರಳಿಸಿ, “ಅನಂತ ಭಟ್ಟರು ಅಲ್ವಾ? ನಮ್ಮ ಕಿಚನ್ ಮೇ ಸಬ್ ಭಟ್ಟರೇ ಇದ್ದದ್ದು ಅಂತ ಅಜ್ಜ ಹೇಳ್ತಿದ್ದರು” ಎಂದಳು. ನಿಖಿತಾ “ಹ್ಞೂಂ” ಎಂದಳು. ಅಷ್ಟೇ. ಬಾಯಿ ತೆರೆಯದೆ ಮೂಗಿನಿಂದ ಹೊರಟ ಒಂದು ಸದ್ದು. ಆ ಸದ್ದಿನ ಮೇಲೆ ಮೂರು ವಾರದಲ್ಲಿ ಒಂದು ಕಟ್ಟಡವೇ ಎದ್ದಿತು: ಪ್ಯಾಕೆಟ್ಟಿನ ಮೇಲೆ ‘ಅನಂತ ಭಟ್ಟರ ಹಿಟ್ಟು’ ಎಂದು ಬಂತು, ಜುಟ್ಟಿನ ಒಂದು ಲೋಗೋ ಬಂತು, ಮಡಿಯ ಅಡುಗೆಮನೆಯ ಕಥೆ ಬಂತು. ಎಲ್ಲವನ್ನೂ ಅವಳೇ ಬರೆದಳು. ಚೆನ್ನಾಗಿ ಬರೆದಳು, ಅದೇ ಹೇಸಿಗೆ. ಕಾಲೇಜಿನ ದಿನಗಳಲ್ಲಿ ಬೈಕುಲ್ಲಾದ ಒಂದು ಲೇತ್ ವರ್ಕ್‌ಶಾಪಿನ ಮಾಳಿಗೆಯಲ್ಲಿ ಭಾನುವಾರದ ಓದುಕೂಟ ಸೇರುತ್ತಿತ್ತು; ಅಲ್ಲಿ ಇವಳು ಮೇಜು ಗುದ್ದಿ, ಹೆಸರು ಅಡಗಿಸಿ ಬದುಕುವುದು ಅರ್ಧ ಹೆಣವಾಗಿ ಬದುಕಿದ ಹಾಗೆ ಎಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಈಗ ಲೋಕಲಿನ ಗಾಲಿಗಳಲ್ಲಿ ಕೇಳುತ್ತಿತ್ತು.

ಅಂಗಾರ ಎಂದರೆ ಮಂಗಳವಾರ ಹುಟ್ಟಿದವನು. ಅಪ್ಪನ ಊರಿನಲ್ಲಿ ಆ ಹೆಸರು ಕೇಳಿದೊಡನೆ ಜನ ನೀರು ಕೊಡಲು ಲೋಟ ಬಿಟ್ಟು ತೆಂಗಿನ ಗೆರಟೆ ಹುಡುಕುತ್ತಿದ್ದರು. ಹೆಸರೇ ಜಾತಿ, ಹೆಸರೇ ಅಂಗಳದಾಚೆಯ ಗೆರೆ. ಹದಿನೆಂಟರಲ್ಲಿ ಬೊಂಬಾಯಿಗೆ ಬಂದು ಹತ್ತು ಕಡೆ ಕೂಲಿ ಮಾಡಿ ಕೊನೆಗೆ ಪದ್ಮತೀರ್ಥದ ಹಿಂಬದಿಯಲ್ಲಿ ಪಾತ್ರೆ ತಿಕ್ಕಲು ಸೇರಿದವನನ್ನು, ಹಿಟ್ಟು ಕಡೆಯುವವನು ಓಡಿಹೋದ ಒಂದು ಬೆಳಿಗ್ಗೆ ಹಳೆಯ ಯಜಮಾನರು ಒಳಗೆ ಕರೆದು, “ಕಲ್ಲಿನ ಹತ್ತಿರ ಕೂತ ಮೇಲೆ ನೀನು ಅನಂತ. ಮತ್ತೊಂದು ಹೆಸರು ನಿನ್ನ ಬಾಯಿಯಲ್ಲಿ ಬರಬಾರದು” ಎಂದಿದ್ದರಂತೆ. ಇದನ್ನು ಅಪ್ಪ ಯಾವಾಗಲೂ ನಗುತ್ತಲೇ ಹೇಳುತ್ತಿದ್ದ, ಬಡ್ತಿ ಸಿಕ್ಕಿದ ಕಥೆಯ ಹಾಗೆ. ಚಿಕ್ಕವಳಿದ್ದಾಗ ನಿಖಿತಾಳಿಗೆ ಅದು ಮಂತ್ರದ ಹಾಗೆ ಕೇಳುತ್ತಿತ್ತು. ಚಾಳಿನ ಮನೆಯಲ್ಲಿ ಅಂಗಾರ, ಗ್ರಾಂಟ್ ರೋಡಿನಲ್ಲಿ ಅನಂತ. ನಡುವೆ ಎಲ್ಲೋ, ಯಾವ ಸ್ಟೇಷನ್ನಿನಲ್ಲೋ, ಅಪ್ಪ ಬದಲಾಗುತ್ತಾನೆ.

ದಾದರಿನಲ್ಲಿ ಇಳಿದು ಸ್ಲೋ ಗಾಡಿಗೆ ಕಾಯುವಾಗ ಅವಳು ಹೇಳಲೇಬೇಕಾದ್ದನ್ನು ಹೇಳಿದಳು. “ಅಪ್ಪ, ಅಲ್ಲಿ ನನ್ನನ್ನು ಮಗಾ ಗಿಗಾ ಅನ್ನಬೇಡ. ಏಜೆನ್ಸಿಯಲ್ಲಿ ಸಂಬಂಧಿಕರನ್ನು ಹಾಕಬಾರದು ಅಂತ ರೂಲ್ ಇದೆ.” ರೂಲ್ ಇರಲಿಲ್ಲ. ಅಪ್ಪ ಒಂದು ಕ್ಷಣ ಹಳಿಗಳ ಕಡೆ ನೋಡಿದ. ಆಮೇಲೆ ಅವನ ಮುಖ ಅರಳಿತು, ಆಟ ಅರ್ಥವಾದ ಮಗುವಿನ ಹಾಗೆ. “ಆಯ್ತು ಮೇಡಮ್” ಎಂದ. “ಗಾಡಿ ಬಂತು, ಹತ್ತಿ ಮೇಡಮ್.” ಮುಂಬಯಿ ಸೆಂಟ್ರಲ್ ದಾಟುವವರೆಗೂ ಅವನು ಅದನ್ನೇ ಅಭ್ಯಾಸ ಮಾಡಿದ. ಜಾಗ ಉಂಟು, ಕೂತುಕೊಳ್ಳಿ ಮೇಡಮ್. ಬ್ಯಾಗು ಮುಂದೆ ಹಾಕಿ ಮೇಡಮ್. ಎದುರಿನ ಸೀಟಿನವರು ನಕ್ಕರು. ಅವಳೂ ನಕ್ಕಳು, ಕಿವಿಯ ತುದಿ ಮಾತ್ರ ಕಾದ ಕಾವಲಿಯ ಹಾಗೆ ಸುಡುತ್ತಿತ್ತು.

ಹೋಟೆಲಿನ ಗಾಜಿನ ಬಾಗಿಲು ತಳ್ಳಿ ಹಿಂದೆ ನೋಡಿದರೆ ಅಪ್ಪ ಇಲ್ಲ. ಪಕ್ಕದ ಗಲ್ಲಿಯಿಂದ, ಚರಂಡಿಯ ಕಲ್ಲು ದಾಟಿ, ಹಿಂಬಾಗಿಲಿನಿಂದ ಒಳಗೆ ಬಂದು, ಅವಳಿಗಿಂತ ಮೊದಲೇ ಅಡುಗೆಮನೆಯಲ್ಲಿ ನಿಂತಿದ್ದ. ಯಾರೂ ಹಾಗೆ ಬರಲು ಹೇಳಿರಲಿಲ್ಲ. ಆದರೆ ಅಲ್ಲಿದ್ದ ಬೆಳಕು! ಅಡುಗೆಮನೆಯ ಅರ್ಧವನ್ನು ಬಿಡಿಸಿ, ಬೈಕುಲ್ಲಾದ ಗುಜರಿಯಿಂದ ಬಾಡಿಗೆಗೆ ತಂದ ಹಳೆಯ ಕಡೆಯುವ ಕಲ್ಲನ್ನು ನಡುವೆ ಇಟ್ಟು, ಮೇಲಿನಿಂದ ಒಂದೇ ದೀಪ ಬಿಟ್ಟಿದ್ದರು. ನಿರ್ದೇಶಕ ಅನಿಕೇತ್, ಗಡ್ಡದ ಮರಾಠಿ ಹುಡುಗ, ಓಡೋಡಿ ಬಂದು ಅಪ್ಪನ ಬೈರಾಸು ಬಿಚ್ಚಿ, ಕೈಯನ್ನು ಬೆಳಕಿಗೆ ಹಿಡಿದು, “ಅರೆ ಬಾಪ್ ರೇ! ಕ್ಯಾ ಹಾಥ್ ಹೈ ಕಾಕಾ, ಏಕ್ದಮ್ ಲ್ಯಾಂಡ್‌ಸ್ಕೇಪ್!” ಎಂದ. ಅಪ್ಪ ಹಿಗ್ಗಿದ. “ಕಲ್ಲು ಇದಲ್ಲ” ಎಂದು ಅಧಿಕಾರದಿಂದ ಹೇಳಿ, ಬಗ್ಗಿ ಅದರ ಗುಳಿಯನ್ನು ಬೆರಳಿನಿಂದ ಸವರಿ, “ಆದರೂ ನಡೀತದೆ. ಸವೆದದ್ದು ಸಮ ಉಂಟು” ಎಂದು ತೀರ್ಪು ಕೊಟ್ಟ.

ಕ್ಯಾಮೆರಾ ಓಡಿತು. ಅಪ್ಪ ಹಿಟ್ಟಿನ ಕೊಪ್ಪರಿಗೆಗೆ ಕೈ ಇಳಿಸಿದ. ಆಮೇಲಿನ ಅರ್ಧ ಗಂಟೆ ನಿಖಿತಾಳಿಗೆ ತಾನು ಉಸಿರಾಡಿದ ನೆನಪಿಲ್ಲ. ಆ ಕೈ ಹಿಟ್ಟಿನ ತಳಕ್ಕೆ ಹೋಗಿ, ಅಡಿಯದನ್ನು ಎತ್ತಿ ಮೇಲೆ ತಂದು, ಮಗುಚಿ, ಒಮ್ಮೆ ತಟ್ಟಿ, ಮತ್ತೆ ಇಳಿಯುತ್ತಿತ್ತು. ಹಿಟ್ಟು ಮೊದಲು ಭಾರವಾಗಿ, ಆಮೇಲೆ ಮೊಸರಿನ ಹಾಗೆ, ಕೊನೆಗೆ ನೊರೆಯ ಹಾಗೆ ಸದ್ದು ಬದಲಿಸುತ್ತಿತ್ತು. ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನ ಕಣ್ಣು ಮುಚ್ಚಿಕೊಂಡಿತ್ತು. ಇಷ್ಟು ವರ್ಷ ಇವನು ನನಗೆ ಕೊಟ್ಟ ಫೀಜು, ಪುಸ್ತಕ, ಇಂಗ್ಲಿಷು ಎಲ್ಲ ಈ ತಿರುವಿನಿಂದ ಬಂದದ್ದು ಎಂದು ಅವಳಿಗೆ ಅನ್ನಿಸಿತು. ಇಡೀ ಗ್ರಾಂಟ್ ರೋಡು ಮೂವತ್ತೊಂದು ವರ್ಷ ಈ ಬೆರಳುಗಳ ಬಿಸಿಯನ್ನು ತಿಂದಿದೆ. ಒಳಗೆ ಬಂದರೆ ಮೈಲಿಗೆ ಎಂದವರು, ನೆರಳು ಬಿದ್ದರೆ ನೀರು ಚಿಮುಕಿಸಿಕೊಂಡವರು, ಚಟ್ನಿ ಹಚ್ಚಿ ನುಂಗಿ ಇನ್ನೊಂದು ಪ್ಲೇಟು ಎಂದಿದ್ದಾರೆ. ಸಂತೋಷ ಎಷ್ಟು ಜೋರಾಗಿ ಬಂತೆಂದರೆ ಅದರ ಬಾಲದಲ್ಲಿ ಸಿಟ್ಟು ಬಂದದ್ದು ಮೊದಲು ತಿಳಿಯಲೇ ಇಲ್ಲ. ಮಾನಿಟರಿನ ಮುಂದೆ ಪ್ರಣೀತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಒಳ್ಳೆಯವಳು ಅವಳು, ಬೆಳಿಗ್ಗೆಯಿಂದ ಮೂರು ಸಲ ಅಪ್ಪನಿಗೆ ಕುರ್ಚಿ ಹಾಕಿಸಿದ್ದಳು. “ಅನಂತಣ್ಣ, ಯೂ ಆರ್ ಎ ಸ್ಟಾರ್” ಎಂದಳು.

“ಈಗ ಡೈಲಾಗ್ ಶಾಟ್” ಎಂದ ಅನಿಕೇತ್. ವೇಷದ ಜವಾಬ್ದಾರಿಯ ಸ್ನೇಹಲ್ ಒಂದು ಡಬ್ಬಿ ತಂದಳು. ಅಂಗಿ ತೆಗೆಸಿದಳು, ಬಿಳಿ ಪಂಚೆ ಉಡಿಸಿದಳು, ಹಣೆಗೆ ಗಂಧ ಇಟ್ಟಳು. ಆಮೇಲೆ ಡಬ್ಬಿಯಿಂದ ಮೂರೆಳೆಯ ಜನಿವಾರ ತೆಗೆದು ಅಪ್ಪನ ಮುಂದೆ ಹಿಡಿದಳು. ಹೇಳಬೇಕಾದ ಸಾಲನ್ನು ನಿಖಿತಾ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಮೆರಾದ ಕೆಳಗೆ ಅಂಟಿಸಿದ್ದಳು: ನಾನು ಅನಂತ ಭಟ್. ಈ ಕೈ ಮುಟ್ಟಬೇಕು. ಅಪ್ಪ ಅದನ್ನು ಒಂದೊಂದೇ ಅಕ್ಷರ ಓದಿದ. ಇವತ್ತಿನವರೆಗೆ ಅವನಿಗೆ ‘ಅನಂತ’ ಎಂದಷ್ಟೇ ಹೇಳಿದ್ದಳು. ಕೊನೆಯ ಶಬ್ದವನ್ನು ಹೇಳಲು ದಿನಾ ನಾಳೆ ನಾಳೆ ಎಂದು ಮುಂದೂಡಿದ್ದಳು. ಅಪ್ಪ ಜನಿವಾರವನ್ನು ತೆಗೆದುಕೊಂಡ. ಹಿಟ್ಟು ಒಣಗುತ್ತಿದ್ದ ಬೆರಳುಗಳ ನಡುವೆ ಅದು ತೀರ ತೆಳ್ಳಗೆ ಕಂಡಿತು. ಅವನು ಮುಗುಳ್ನಗುತ್ತಲೇ ಅದನ್ನು ನಿಖಿತಾಳ ಕಡೆ ಚಾಚಿದ.

“ಬರೆದದ್ದು ನೀವಲ್ಲವಾ ಮೇಡಮ್, ನೀವೇ ಹಾಕಿ.”

ಅವಳು ತೆಗೆದುಕೊಂಡಳು. ಬೇರೇನು ಮಾಡುವುದು? ಎರಡು ಕೈಯಲ್ಲಿ ಬಿಡಿಸಿ ಹಿಡಿದಳು. ಆಗ ಅವಳಿಗೆ ಹೊಳೆಯಿತು: ಯಾವ ಹೆಗಲು ಎಂದು ಅವಳಿಗೆ ಗೊತ್ತಿಲ್ಲ. ಎಡವೋ ಬಲವೋ? ಒಂದು ಕಡೆ ಹಾಕಿದರೆ ಶುಭ, ಇನ್ನೊಂದು ಕಡೆ ಹಾಕಿದರೆ ಸತ್ತವರ ಕೆಲಸಕ್ಕೆ ಎಂದು ಎಲ್ಲೋ ಓದಿದ್ದಳು, ಯಾವುದು ಯಾವುದೆಂದು ಮರೆತಿತ್ತು. “ರೈಟ್ ಸೇ ಲೆಫ್ಟ್, ಸ್ಯಾಶ್ ಜೈಸಾ” ಎಂದಳು ಸ್ನೇಹಲ್. “ನಹೀ ಯಾರ್, ಉಲ್ಟಾ” ಎಂದ ಲೈಟಿನವನು. ಅನಿಕೇತ್ ತನ್ನ ಹೆಗಲನ್ನೇ ಮುಟ್ಟಿಕೊಂಡು ನೋಡಿದ. ಹತ್ತು ಜನ ಸೇರಿ ಒಬ್ಬ ಭಟ್ಟನನ್ನು ತಯಾರು ಮಾಡುತ್ತಿದ್ದರು, ಒಬ್ಬರಿಗೂ ವಿಧಾನ ಗೊತ್ತಿಲ್ಲ. ನಿಖಿತಾಳಿಗೆ ನಗು ನುಗ್ಗಿ ಬಂತು, ಅಳುವಿನ ಹಾಗೆ. “ಒಂದು ಮಿನಿಟ್, ಅಮ್ಮನಿಗೆ ಕೇಳ್ತೀನಿ” ಎಂದು ಪ್ರಣೀತಾ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

“ಎಂತ ಪ್ರಣೀತಾ? ಊಟಕ್ಕೆ ಬರ್ತೀಯಾ ಇಲ್ವಾ?”

“ಅಮ್ಮಾ, ಒಂದು ಡೌಟ್. ಜನಿವಾರ ಯಾವ ಸೈಡ್ ಹಾಕೋದು? ಶೂಟಿಂಗಿಗೆ. ಅನಂತ ಭಟ್ಟರಿಗೆ.”

“ಯಾವ ಅನಂತ ಭಟ್ಟ?”

“ಅದೇ, ನಮ್ಮ ಹಿಟ್ಟು ಮಾಡ್ತಿದ್ದ...”

“ಅಯ್ಯೋ ಮಾರಾಯ್ತಿ, ಅವನೆಂತ ಭಟ್ಟ! ಅವನ ಹೆಸರು ಅಂಗಾರ ಅಲ್ವಾ. ಗಿರಾಕಿಗಳ ಕಿವಿಗೆ ಬೀಳಬಾರದು ಅಂತ ಅಜ್ಜನೇ ಅನಂತ ಅಂತ ಇಟ್ಟದ್ದು. ನಿನ್ನ ಅಜ್ಜಿ ಸಾಯುವವರೆಗೆ ಆ ಹಿಟ್ಟನ್ನು ಮನೆಗೆ ತರಿಸಲಿಲ್ಲ ಗೊತ್ತುಂಟಾ, ಹೋಟೆಲಿಗೆ ಮಾತ್ರ. ಆದರೆ ಕೈ ಅಂದ್ರೆ ಕೈ. ಅವ ಬಿಟ್ಟ ಮೇಲೆ ಆ ರುಚಿ ಬರಲೇ ಇಲ್ಲ. ಇರಲಿ, ಜಾಹೀರಾತಿಗೆ ಅಲ್ವಾ, ಯಾರಿಗೆ ಗೊತ್ತಾಗ್ತದೆ? ಎಡ ಹೆಗಲು. ಎಡದಿಂದ ಬಲಕ್ಕೆ.”

ಪ್ರಣೀತಾ ಗಡಬಡಿಸಿ ಫೋನು ಆರಿಸಿದಳು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಮಾತ್ರ ಸದ್ದು ಮಾಡುತ್ತಿತ್ತು. ಅಪ್ಪ ಅರೆಬತ್ತಲೆ ನಿಂತಿದ್ದ, ಹಣೆಯ ಗಂಧ ಬೆವರಿಗೆ ಇಳಿಯುತ್ತಿತ್ತು. ನಿಖಿತಾಳ ಕಣ್ಣು ಅವನ ಮುಖವನ್ನು ತಪ್ಪಿಸಿ ತಪ್ಪಿಸಿ ಕೊನೆಗೆ ಅಲ್ಲಿಗೇ ಹೋಯಿತು. ಯಜಮಾನರ ಮನೆಯವರಿಗೆಲ್ಲ ಗೊತ್ತಿತ್ತು. ಮೂವತ್ತೊಂದು ವರ್ಷವೂ ಗೊತ್ತಿತ್ತು. ತಮಗಾಗದ ಹಿಟ್ಟನ್ನು ಊರಿಗೆಲ್ಲ ಮಾರಿದ್ದರು. ಅಪ್ಪ ಬಡ್ತಿ ಎಂದುಕೊಂಡದ್ದು ಮುಚ್ಚಳವಾಗಿತ್ತು, ಕೊಪ್ಪರಿಗೆಯ ಮೇಲಿನ ಮುಚ್ಚಳ. ಆ ಮುಚ್ಚಳಕ್ಕೆ ಬಣ್ಣ ಬಳಿದು, ಜುಟ್ಟು ಬರೆದು, ಊರೆಲ್ಲ ನೇತುಹಾಕಲು ಹೊರಟವಳು ತಾನು. ಅವರು ಒಂದು ಹೋಟೆಲಿನಲ್ಲಿ ಮಾಡಿದ್ದನ್ನು ಇವಳು ಚರ್ಚ್‌ಗೇಟಿನಿಂದ ದಹಿಸರಿನವರೆಗೆ ಮಾಡುತ್ತಿದ್ದಳು.

“ಸಾರಿ ಅನಂತಣ್ಣ... ಐ ಮೀನ್...” ಪ್ರಣೀತಾಳ ಮುಖ ಕೆಂಪಾಗಿತ್ತು, ಏನೆಂದು ಕರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ನಿಖಿತಾಳ ಕಡೆ ತಿರುಗಿ ಮೆಲ್ಲಗೆ, “ನೋಡು, ಇದು ಕ್ಯಾರೆಕ್ಟರ್ ಅಷ್ಟೇ ಅಲ್ವಾ? ಪ್ಯಾಕೆಟ್ ಪ್ರಿಂಟ್ ಆಗಿದೆ. ಆಗ್ಲೇ ಎರಡು ಲಕ್ಷ ಪೀಸ್. ಹಾಕಿಬಿಡು” ಎಂದಳು. ಅನಿಕೇತ್ ಕಿವಿಯಲ್ಲಿ ಪಿಸುಗುಟ್ಟಿದ: “ಸುನ್, ಸಚ್ಚೀ ವಾಲೀ ಸ್ಟೋರಿ ಔರ್ ಬಡೀ ಹೈ. ಅವಾರ್ಡ್ ಪಕ್ಕಾ.” ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ನಿಜವಾದ ಕಥೆಯೇ ಇನ್ನೂ ದೊಡ್ಡದು ಎಂದು ಅವನು ಹೇಳಿದ್ದು ತನಗೂ ಹೊಳೆದಿತ್ತು ಎನ್ನುವುದಕ್ಕೆ ತನ್ನ ಕೆನ್ನೆಗೂ.

ಅವಳು ಜನಿವಾರವನ್ನು ಸುರುಳಿ ಸುತ್ತಿ ಸ್ನೇಹಲಳ ಡಬ್ಬಿಯಲ್ಲಿ ಹಾಕಿದಳು. ಕ್ಯಾಮೆರಾದ ಕೆಳಗಿನ ಕಾಗದ ಹರಿದಳು. ಅಪ್ಪನ ಅಂಗಿ ತಂದು ಅವನ ಹೆಗಲಿಗೆ ಹೊದಿಸಿದಳು. ಬೆಳಿಗ್ಗೆಯ ಆ ಚೆಂಡೆ ನಿಂತಿರಲಿಲ್ಲ, ಇನ್ನೂ ಜೋರಾಗಿತ್ತು. ಈಗ ಅದಕ್ಕೆ ತಾಳ ಸಿಕ್ಕಿದ ಹಾಗಿತ್ತು.

“ನಿಖಿತಾ, ಏನಿದು? ಹೀಗಾದರೆ ಕ್ಯಾಂಪೇನೇ ಇಲ್ಲ. ನಿನ್ನ ಏಜೆನ್ಸಿಗೂ ಹೇಳಬೇಕಾಗ್ತದೆ.”

“ಇಲ್ಲದಿದ್ದರೆ ಇಲ್ಲ. ಅನಿಕೇತ್, ಲೈನ್ ಬದಲಾಗಿದೆ. ರೋಲ್ ಮಾಡು.” ಅವನು ಪ್ರಣೀತಾಳನ್ನು ನೋಡಿದ, ಇವಳನ್ನು ನೋಡಿದ, ಏನನ್ನಿಸಿತೋ, ಗುಂಡಿ ಒತ್ತಿದ. ನಿಖಿತಾ ಕ್ಯಾಮೆರಾದ ಪಕ್ಕದಲ್ಲಿ ನಿಂತು, “ನಿಮ್ಮ ಹೆಸರು ಹೇಳಿ” ಎಂದಳು.

ಅಪ್ಪ ಅಂಗಿಯ ಗುಂಡಿಗಳನ್ನು ಒಂದೊಂದಾಗಿ, ನಿಧಾನವಾಗಿ ಹಾಕಿಕೊಂಡ. ಕಾಲರು ಸರಿಮಾಡಿದ. ಆಮೇಲೆ ಕ್ಯಾಮೆರಾವನ್ನು ಬಿಟ್ಟು ನೇರವಾಗಿ ಅವಳನ್ನು ನೋಡಿದ. ನಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಮೊದಲ ಸಲ ಅವನು ನಗುತ್ತಿರಲಿಲ್ಲ.

“ನನ್ನದು ಆಮೇಲೆ. ಮೊದಲು ನೀವು ಹೇಳಿ. ನಿಮ್ಮ ಅಪ್ಪನ ಹೆಸರೆಂತ, ಮೇಡಮ್?”

ಪ್ರಣೀತಾ ತಲೆಯೆತ್ತಿದಳು. ಸ್ನೇಹಲಳ ಕೈಯ ಡಬ್ಬಿ ಅರ್ಧ ಮುಚ್ಚಿದಲ್ಲೇ ನಿಂತಿತು. ನಿಖಿತಾ ಕ್ಯಾಮೆರಾದ ಪಕ್ಕದಿಂದ ಬೆಳಕಿನೊಳಕ್ಕೆ ಬಂದಳು, ಅಪ್ಪನ ಪಕ್ಕದಲ್ಲಿ ನಿಂತಳು, ಹಿಟ್ಟು ಒಣಗಿ ಒರಟಾಗಿದ್ದ ಆ ಕೈಯನ್ನು ಹಿಡಿದುಕೊಂಡಳು.

“ಅಂಗಾರ” ಎಂದಳು. “ಇವನೇ ನನ್ನ ಅಪ್ಪ. ಅಂಗಾರ.”

ಹಿಂದಿನಿಂದ ಕಿವಿಯ ಹೆಡ್‌ಫೋನು ತೆಗೆದು ಸೌಂಡಿನವನು ಕೈ ಎತ್ತಿದ. “ಸಾರಿ ಮೇಡಮ್, ಫ್ಯಾನ್ ಕಾ ಆವಾಜ್ ಆ ರಹಾ ಥಾ. ಏಕ್ ಬಾರ್ ಔರ್, ಥೋಡಾ ಜೋರ್ ಸೇ.”

ಯಾರೋ ಹೋಗಿ ಫ್ಯಾನು ಆರಿಸಿದರು. ಬಾಗಿಲಾಚೆ ಹಾಲ್‌ನಲ್ಲಿ ಮಧ್ಯಾಹ್ನದ ಗಿರಾಕಿಗಳು ತುಂಬಿದ್ದರು. ತಟ್ಟೆಗಳ ಸದ್ದು, ಚಮಚಗಳ ಸದ್ದು, ಸಾಂಬಾರ್ ಲಾವೋ ಎನ್ನುವ ಕೂಗು ಎಲ್ಲ ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಈ ಸಲ ಹೆಸರು ಅಷ್ಟು ದೂರಕ್ಕೆ ಮುಟ್ಟಬೇಕು ಎಂದುಕೊಂಡು ನಿಖಿತಾ ಎದೆ ತುಂಬ ಉಸಿರು ಎಳೆದುಕೊಂಡಳು.